ಕಾರಿನಿಂದ ಇಳಿಯದ ಇಂಜಿನಿಯರು

ರಿಟೈರಾದ ಸರ್ಕಾರಿ ಅಧಿಕಾರಿಯನ್ನ ಕೆಲಸಕ್ಕೆ ಇಟ್ಕೊಂಡು ನೋಡಿ, ದಿನಕ್ಕೊಂದು ತಮಾಷೆ ಗ್ಯಾರಂಟಿ. ನಾನು ತುಮಕೂರಿನಲ್ಲಿ ಸಿವಿಲ್ ಕಂಟ್ರಾಕ್ಟರ್. ಹೆಂಗಸು ಕಂಟ್ರಾಕ್ಟರಾ ಅಂತ ಹುಬ್ಬೇರಿಸಬೇಡಿ, ನನಗೆ ಅಭ್ಯಾಸ ಆಗಿದೆ. ನಮ್ಮ ಕೆಲಸ ತಪಾಸಣೆ ಮಾಡ್ತಿದ್ದ ಇಂಜಿನಿಯರ್ ಸಾಹೇಬರೇ ರಿಟೈರಾದ ಮೇಲೆ, ಸರ್ಕಾರದ ಒಪ್ಪಿಗೆ ತಗೊಂಡು, ನಮ್ಮಲ್ಲಿ ಸೇರಿದರು.

೧. ಯಜಮಾನರು ಯಾರು?

ಮೊದಲ ದಿನ ಅವರು ಊರಂಚಿನ ಸತ್ಯಮಂಗಲದ ನಮ್ಮ ಆಫೀಸಿಗೆ ಬಂದ ಕೂಡಲೇ ನಾನು ದಡಕ್ಕನೆ ಎದ್ದು ನಿಂತೆ. ವರ್ಷಗಟ್ಟಲೆ ಅವರ ಟೇಬಲ್ ಮುಂದೆ ನಿಂತ ಕಾಲು, ಕೇಳಬೇಕಲ್ಲ! ಅವರೂ ಸೀದಾ ನನ್ನ ಕುರ್ಚಿಯಲ್ಲಿ ಕೂತು, "ಏನಮ್ಮಾ, ಏನ್ ವಿಷ್ಯ?" ಅಂದರು.

"ಸರ್, ನಿಮಗೆ ಕೆಲಸ ಕೊಟ್ಟಿದೀನಿ."

"ಆಯ್ತು, ನೋಡೋಣ. ನಾಳೆ ಬಾ."

೨. ಗುಬ್ಬಿಯ ಗೇಟು

ಗುಬ್ಬಿ ಕಚೇರಿಯಲ್ಲಿ ನಮ್ಮದೊಂದು ಫೈಲು ಅಲ್ಲಾಡದೆ ಕೂತಿತ್ತು. ಸಾಹೇಬರನ್ನ ಕಾರಲ್ಲಿ ಕರ್ಕೊಂಡು ಹೋದೆ. ಗೇಟ್ ಬಂತು, ಆಸಾಮಿ ಇಳಿಯಲೇ ಇಲ್ಲ.

"ಇದು ನನ್ನ ಹಳೇ ಇಲಾಖೆ. ಸದ್ಯಕ್ಕೆ ಇಲ್ಲಿ ನಿನ್ನ ಪರವಾಗಿ ಒಂದು ಮಾತೂ ಆಡೋ ಹಾಗಿಲ್ಲ. ರೂಲ್ಸ್ ಕಣಮ್ಮಾ."

"ಬರೀ ನಮಸ್ಕಾರ ಹೇಳಿ ಬನ್ನಿ ಸರ್."

"ನಮಸ್ಕಾರನೂ ಶಿಫಾರಸೇ."

ಒಬ್ಬಳೇ ಒಳಗೆ ಹೋದೆ. ಅಷ್ಟರಲ್ಲಿ "ಹಳೇ ಸಾಹೇಬ್ರು ಬಂದವ್ರೆ!" ಅಂತ ಸುದ್ದಿ ಹಬ್ಬಿ, ಸಿಬ್ಬಂದಿಯೆಲ್ಲ ಕಾರಿನ ಹತ್ತಿರ ಓಡಿದರು. ಸಾಹೇಬರು ಗಾಜು ಏರಿಸಿ, ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂತರು. ಕಚೇರಿಯಲ್ಲಿ ನನ್ನ ಅಹವಾಲು ಕೇಳೋಕೆ ಉಳಿದದ್ದು ಫ್ಯಾನು ಮಾತ್ರ.

೩. ಕುಣಿಗಲ್ ಮೋರಿ

ಕುಣಿಗಲ್ಲಿನ ಚರಂಡಿ ನಮ್ಮ ಮೊದಲ ದೊಡ್ಡ ಕೆಲಸ. ತಪಾಸಣೆಯಲ್ಲಿ ಬಿದ್ದರೆ ಮುಂದೆ ನಮ್ಮನ್ನ ಯಾರೂ ಹತ್ತಿರ ಸೇರಿಸಲ್ಲ ಅನ್ನೋ ಭಯ ಇತ್ತು. ಬಂದ ಅಧಿಕಾರಿ ಸಾಹೇಬರ ಹಳೇ ಜೂನಿಯರ್. "ಸರ್ ಇದಾರೆ ಅಂದ್ಮೇಲೆ ನಾನೇನು ನೋಡೋದು?" ಅಂತ ಪೆನ್ ತೆಗೆದೇಬಿಟ್ಟರು. ನಾನು ಮನಸ್ಸಲ್ಲೇ ಯಡಿಯೂರಿನ ಸ್ವಾಮಿಗೆ ಕೈ ಮುಗಿದೆ.

ನಮ್ಮ ಸಾಹೇಬರು ಕೈಲಿದ್ದ ಛತ್ರಿ ಎತ್ತಿ ಚರಂಡಿ ಕಡೆ ತೋರಿಸಿದರು. "ನೋಡ್ದೇ ಸೈನ್ ಹಾಕ್ತೀರೇನ್ರಿ? ಆ ತಿರುವಿನಲ್ಲಿ ನೀರು ಹುಯ್ಸಿ."

ಹುಯ್ಸಿದರು. ನೀರು ಮುನಿಸಿಕೊಂಡ ಅಳಿಯನ ಹಾಗೆ ಅಲ್ಲೇ ನಿಂತಿತು. ಅಯ್ಯೋ ಶಿವನೇ! ಆ ಭಾಗ ಒಡೆಸಿ ಹೊಸದಾಗಿ ಕಟ್ಟಿಸಿದ್ದಾಯ್ತು. ಅದೇ ಅಧಿಕಾರಿ ಎರಡನೇ ಸಲ ಬಂದು ತಾವೇ ನೀರು ಹುಯ್ದರು, ಒಂದು ತೊಟ್ಟೂ ನಿಲ್ಲಲಿಲ್ಲ. "ಮೇಡಂ, ಬೇರೆ ಕಂಟ್ರಾಕ್ಟರ್‌ಗಳಿಗೂ ಮಾದರಿ ಅಂತ ಇದನ್ನೇ ತೋರಿಸ್ತೀನಿ" ಅಂದರು. ನಿಜ ಹೇಳ್ತೀನಿ, ಅವತ್ತು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಆದರೂ ವಾಪಸ್ ಬರ್ತಾ ಕಾರಲ್ಲಿ ಕೇಳೇಬಿಟ್ಟೆ: "ಸರ್, ಮೊದಲ ತಪಾಸಣೆ ದಿನ ನೀವು ಅಧಿಕಾರಿ ಮುಂದೆ ಬಾಯಿ ಬಿಟ್ರಲ್ಲ, ಅದಕ್ಕೆ ರೂಲ್ಸ್ ಅಡ್ಡ ಬರ್ಲಿಲ್ವಾ?"

ಸಾಹೇಬರು ಗಂಭೀರವಾಗಿ ಹೇಳಿದರು: "ನಿನ್ನ ಪರ ಮಾತಾಡ್ಬಾರ್ದು ಅಂತಿದೆ ಕಣಮ್ಮಾ. ನಿನ್ನ ವಿರುದ್ಧ ಮಾತಾಡ್ಬಾರ್ದು ಅಂತ ಎಲ್ಲೂ ಇಲ್ಲ."