ಹೈ ಡೆಫಿನಿಷನ್‌ನಲ್ಲಿ ಮಾವನ ಹಾರಾಟ

ನನ್ನ ಮೇಲೆ ನನ್ನ ಹೆಂಡತಿಗಿರುವ ದೂರು ಕುಡಿತದ್ದಲ್ಲ, ಜೂಜಿನದ್ದೂ ಅಲ್ಲ. ಅವೇ ಆಗಿದ್ದರೆ ಕಪಾಟಿನಲ್ಲಿ ಜಾಗವಾದರೂ ಉಳಿಯುತ್ತಿತ್ತು ಎನ್ನುತ್ತಾಳೆ. ಹಳೆಯ ಹೊಡೆದಾಟದ ಮತ್ತು ಹಾಸ್ಯದ ಸಿನಿಮಾಗಳ ಬ್ಲೂರೇ ಡಿಸ್ಕುಗಳನ್ನು ಕೂಡಿಹಾಕುವುದು ನನ್ನ ಚಟ. ಹಲ್ಲಿನ ಡಾಕ್ಟರಾದ ನಾನು ಹಗಲೆಲ್ಲ ಊರವರ ಬಾಯೊಳಗೆ ಇಣುಕುತ್ತೇನೆ. ಸಂಜೆ ಸಿನಿಮಾದಲ್ಲಿ ಅಂಥ ಬಾಯಿಗಳ ಮೇಲೆ ಯಾರಾದರೂ ಗುದ್ದುವುದನ್ನು ನೋಡಿದರೆ ಮನಸ್ಸಿಗೆ ಏನೋ ಸಮಾಧಾನ. (ಇದನ್ನು ಪೇಷಂಟುಗಳಿಗೆ ಹೇಳಬೇಡಿ.)

"ಭಾನುವಾರ ಅಪ್ಪ ಅಮ್ಮ ಬರ್ತಿದ್ದಾರೆ. ಅವರ ಬಟ್ಟೆಗೆ ಕಪಾಟು ಬೇಕು. ನಿಮ್ಮ ಡಿಸ್ಕೆಲ್ಲ ಗುಜರಿಗೆ," ಎಂದು ಅವಳು ತೀರ್ಪು ಕೊಟ್ಟಳು.

"ಗುಜರೀನಾ! ಫೋನಲ್ಲಿ ನೋಡೋ ಮಸುಕು ಮಸುಕು ಸಿನಿಮಾ ಅಲ್ಲ ಕಣೆ ಇವು. ಇದರಲ್ಲಿ ವಿಲನ್ನಿನ ಮೀಸೆಗೆ ಹಚ್ಚಿರೋ ಗೋಂದು ಕೂಡ ಕಾಣುತ್ತೆ!"

"ಆ ಗೋಂದು ನೋಡಿ ನಾನೇನು ಮಾಡ್ಲಿ?"

ಇಕ್ಕಟ್ಟಿಗೆ ಸಿಕ್ಕಾಗಲೇ ನನ್ನ ತಲೆ ಓಡುವುದು. ನನ್ನ ಮಾವ ಪ್ರಾಯದಲ್ಲಿ ಸಿನಿಮಾ ಕಂಪನಿಯಲ್ಲಿ ಸ್ಟಂಟ್ ಮಾಡುತ್ತಿದ್ದವರು. ಹೀರೋನ ಕೋಟು ತೊಟ್ಟು ಗಿರಣಿಯ ಮಾಳಿಗೆಯಿಂದ ಹುಲ್ಲಿನ ಲಾರಿಗೆ ಹಾರಿದ ಮಹಾಸಾಹಸವನ್ನು ಹೇಳದೆ ಅವರು ಊಟ ಮುಗಿಸಿದ್ದೇ ಇಲ್ಲ. ಮಗಳಿಗಂತೂ ಅಪ್ಪನೆಂದರೆ ಆ ಹಾರಾಟವೇ. ಅದೇ ಸಿನಿಮಾದ ಡಿಸ್ಕನ್ನು ಎಲ್ಲೆಲ್ಲೋ ಹುಡುಕಿ ತರಿಸಿದೆ. ಅಪ್ಪನ ಮುಖ ಫಳಫಳ ಹೊಳೆಯುವುದನ್ನು ಕಂಡ ಮೇಲೂ ಅವಳು ಡಿಸ್ಕುಗಳನ್ನು ಗುಜರಿಗೆ ಹಾಕಿಯಾಳೇ?

ಭಾನುವಾರ ಸಂಜೆ ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿದೆ. ಅತ್ತೆ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು (ಅವರೂ ಅದೇ ಕಂಪನಿಯಲ್ಲಿ ಪಾತ್ರಗಳ ಬಟ್ಟೆ ಹೊಲಿದವರು). ಮಾವ ಮಾತ್ರ ಚಡಪಡಿಸುತ್ತಿದ್ದರು.

"ಕಣ್ಣು ಉರೀತಿದೆ ಅಳಿಯಂದ್ರೇ, ಇನ್ನೊಂದಿನ ನೋಡೋಣ."

ದೊಡ್ಡವರ ವಿನಯವೆಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಿರಣಿ ಬಂತು. ಮಾಳಿಗೆ ಬಂತು. ಕೋಟು ಗಾಳಿಯಲ್ಲಿ ಹಾರಿತು. ಲಾರಿಗೆ ಬೀಳುವ ಮೊದಲೇ ರಿಮೋಟು ಒತ್ತಿ ನಿಲ್ಲಿಸಿದೆ. ಕಣ್ಣನ್ನು ಟೋಪಿ ಮುಚ್ಚಿತ್ತು, ಬಾಯಿ ಮಾತ್ರ ಕಿರುಚುತ್ತಾ ಅಗಲವಾಗಿ ತೆರೆದಿತ್ತು. ನನ್ನೊಳಗಿನ ಡಾಕ್ಟರು ಎದ್ದು ನಿಂತ.

"ಎಂಥ ಕ್ಲಾರಿಟಿ ನೋಡಿ! ಮೇಲಿನ ಎಡಗಡೆ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿರೋದು ಕೂಡ ಕಾಣ್ತಿದೆ! ಇಂಥ ಹಲ್ಲು ಲಕ್ಷಕ್ಕೊಂದು. ನನ್ನ ಸರ್ವೀಸಲ್ಲೇ ನಾನು ನೋಡಿರೋದು ಒಬ್ಬರ ಬಾಯಲ್ಲಿ ಮಾತ್ರ, ಅದು ನಮ್ಮ ಅತ್ತೆಯ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನವಳು ಟಿವಿ ನೋಡಿದಳು, ಅಮ್ಮನನ್ನು ನೋಡಿದಳು. ಮಾವ ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು.

"ಅಮ್ಮಾ, ಬಾಯಿ ತೆಗಿ."

ಅತ್ತೆ ನಿಧಾನವಾಗಿ ದಾರ ಕತ್ತರಿಸಿದರು. "ಇವರು ಮೇಲಕ್ಕೇನೋ ಹತ್ತಿದ್ರು. ಕೆಳಗೆ ನೋಡಿದ್ದೇ ತಡ, ಕಂಬ ತಬ್ಬಿಕೊಂಡು ಬಿಡಲೇ ಇಲ್ಲ. ಡೈರೆಕ್ಟ್ರು ಬೈತಿದ್ರು, ಬಿಸಿಲು ಇಳೀತಿತ್ತು. ಕೋಟು ಹೊಲಿದವಳು ನಾನೇ ಅಲ್ವಾ? ತೊಟ್ಟೆ, ಹಾರಿದೆ."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ಊಟದ ಹೊತ್ತಲ್ಲಿ ಯಾಕೆ ಜಗಳ ಅಂತ."

ನನ್ನ ಡಿಸ್ಕುಗಳ ಕಥೆ ಮುಗಿಯಿತೆಂದು ಹೆದರಿ ಕುಳಿತಿದ್ದೆ. ನನ್ನವಳು ಅಮ್ಮನನ್ನು ತಬ್ಬಿಕೊಂಡು ಘೋಷಿಸಿದಳು: "ಒಂದು ಡಿಸ್ಕೂ ಮನೆಯಿಂದ ಆಚೆ ಹೋಗಕೂಡದು! ಅಮ್ಮ ಇನ್ನೂ ಎಷ್ಟು ಸಿನಿಮಾದಲ್ಲಿ ಹಾರಿದ್ದಾಳೋ!"

ಗೆದ್ದೆ! ಅಂದುಕೊಂಡೆ. ಮರುದಿನದಿಂದ ಕಪಾಟಿನಲ್ಲಿ ಡಿಸ್ಕುಗಳು ಉಳಿದವು, ಅತ್ತೆ ಮಾವನ ಬಟ್ಟೆ ಸೇರಿತು, ನನ್ನ ಅಂಗಿಗಳು ಮಂಚದ ಕೆಳಗೆ ಹೋದವು. ಮಗುವಿನಂತೆ ಕಾಪಾಡಿದ್ದ, ಸೀಲು ಒಡೆಯದ ಡಿಸ್ಕುಗಳ ಹೊದಿಕೆಯನ್ನು ಅತ್ತೆ ಹೊಲಿಗೆಯ ಕತ್ತರಿಯಿಂದ ಚರ್ರನೆ ಸೀಳುತ್ತಾರೆ. ನಾನು ಆ ಚೂರುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತೇನೆ. ರಿಮೋಟು ಅವರ ಕೈಯಲ್ಲಿ, ಸೋಫಾ ತಾಯಿ ಮಗಳದ್ದು, ಅಡುಗೆಮನೆ ನನ್ನದೂ ಮಾವನದೂ.

ನಿನ್ನೆ ಮಾವ ಹಾಲು ಉಕ್ಕದಂತೆ ಕಾಯುತ್ತಾ ನನ್ನ ಕಡೆ ಬಾಗಿದರು. "ಹಳೇ ಪ್ರಿಂಟೇ ಚೆನ್ನಾಗಿತ್ತು ಅಳಿಯಂದ್ರೇ. ಅದರಲ್ಲಿ ಯಾರು ಹಾರಿದ್ರೂ ನನ್ನ ಹಾಗೇ ಕಾಣ್ತಿದ್ರು."

ಅಷ್ಟರಲ್ಲಿ ಸೋಫಾದಿಂದ ಅತ್ತೆಯ ಕೂಗು: "ಟೀ ಏನಾಯ್ತು?"

"ಬಂತು, ಬಂತು!" ಎಂದೆವು ಇಬ್ಬರೂ ಒಂದೇ ದನಿಯಲ್ಲಿ.