ಏಳೂವರೆ ಮೀಟರಿನ ಹಠ

ಇಂಗ್ಲಿಷ್ ಪತ್ರಿಕೆಯ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ಬೆನ್ನುನೋವಿನ ಜೊತೆಗೆ ಇನ್ನೊಂದು ಕಾಯಿಲೆಯೂ ಅಂಟಿಕೊಳ್ಳುತ್ತದೆ. ಯಾರಾದರೂ "ಇದು ಆಗುವುದಿಲ್ಲ" ಎಂದರೆ "ಹಾಗೆಂದು ಯಾರು ಹೇಳಿದರು?" ಎಂದು ಕೇಳುವ ಕಾಯಿಲೆ. ಕಚೇರಿಯಲ್ಲಿ ಇದನ್ನು ಶಿಸ್ತು ಎನ್ನುತ್ತಾರೆ, ಮನೆಯಲ್ಲಿ ಹಠ ಎನ್ನುತ್ತಾರೆ. ಎರಡಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ಈ ಬರಹ ದಾಖಲೆಗೆ ಸೇರುವುದರಿಂದ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಳ್ಳಬೇಕು. ನನಗೆ ಕಾರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತೇನೆ. ಆದರೆ ಕೋಲ್ಕತ್ತಾದಲ್ಲಿ ನನಗೆ ಓಡಿಸುವ ಅಗತ್ಯವಾದರೂ ಎಲ್ಲಿದೆ? ದಕ್ಷಿಣೇಶ್ವರದಲ್ಲಿ ಮೆಟ್ರೋ ಹತ್ತಿದರೆ ಎಸ್ಪ್ಲನೇಡಿನಲ್ಲಿ ಇಳಿದು ಕಚೇರಿಗೆ ನಡೆಯಬಹುದು. ಮೆಟ್ರೋ ಬರುವ ಮುಂಚೆ ಬಸ್ಸಿತ್ತು. ಭಾನುವಾರ ಮಾತ್ರ ನಮ್ಮ ಸಣ್ಣ ಕಾರಿನಲ್ಲಿ ತರಕಾರಿಗೆ ಹೋಗುತ್ತೇನೆ. ಹೋಗಿ ಬಂದು ಗೇಟಿನ ಒಳಗೆ ನಿಲ್ಲಿಸಿ, ಬೀಗದ ಕೈಯನ್ನು ಕಾವಲುಗಾರ ಹಾರಾಧನನಿಗೆ ಕೊಟ್ಟು, ಫೋನಿನಲ್ಲಿ ಏನೋ ತುರ್ತು ಸುದ್ದಿ ಬಂದವನಂತೆ ಮೆಟ್ಟಿಲು ಹತ್ತುತ್ತೇನೆ. ಅವನು ಕಾರನ್ನು ಹಿಂದಕ್ಕೆ ಸರಿಸಿ ಜಾಗದಲ್ಲಿಡುತ್ತಾನೆ. ಈ ಏರ್ಪಾಟು ಹದಿನಾಲ್ಕು ವರ್ಷದಿಂದ ಯಾರ ಗಮನಕ್ಕೂ ಬಾರದೆ ನಡೆದಿದೆ ಎಂದು ನಾನು ನಂಬಿದ್ದೆ.

ತೊಂದರೆ ಶುರುವಾದದ್ದು ಬಾಪಿದಾ ಅವರಿಂದ. ಬಾಪಿದಾ ನಮ್ಮ ಹೌಸಿಂಗಿನ, ಅಂದರೆ ವಸತಿ ಸಮುಚ್ಚಯದ, ಕಾರ್ಯದರ್ಶಿ. ದುರ್ಗಾ ಪೂಜೆಯ ಪೆಂಡಾಲು ಹಾಕಿಸುವವರೂ ಅವರೇ, ಪೂಜೆ ಮುಗಿದ ಮೇಲೆ ಎಲ್ಲರನ್ನೂ ಗುಂಪು ಕಟ್ಟಿ ಪ್ರವಾಸಕ್ಕೆ ಕರೆದೊಯ್ಯುವವರೂ ಅವರೇ. ನಾಲ್ಕು ವರ್ಷದ ಹಿಂದೆ ನಾವೂ ಅವರೊಂದಿಗೆ ಬ್ಯಾಂಕಾಕಿಗೆ ಹೋಗಿದ್ದೆವು. ನಲವತ್ತೆರಡು ಜನ, ಜೊತೆಗೆ ಇಲ್ಲಿಂದಲೇ ಹೊರಟ ಇಬ್ಬರು ಅಡುಗೆಯವರು. ಬೆಳಗ್ಗೆ ಆರಕ್ಕೆ ಬಾಪಿದಾ ಸೀಟಿ ಊದುತ್ತಿದ್ದರು. ಎದ್ದರೆ ಲೂಚಿ, ಅಂದರೆ ಬಂಗಾಳದ ಮೈದಾ ಪೂರಿ, ಸಿದ್ಧವಾಗಿರುತ್ತಿತ್ತು. ಅಲ್ಲಿನ ಅರಮನೆಯನ್ನು ನಾನು ಹದಿನೆಂಟು ನಿಮಿಷ ನೋಡಿದೆ. ಹತ್ತೊಂಬತ್ತನೆಯ ನಿಮಿಷಕ್ಕೆ ಸೀಟಿ ಬಂತು, ಅನ್ನ ಆರುತ್ತಿದೆಯಂತೆ. ಅಂದೇ ನಿರ್ಧರಿಸಿದೆ, ಇನ್ನು ಮುಂದೆ ಸೀಟಿ ಕೇಳಿ ಏಳುವುದಿಲ್ಲ.

ಈ ವರ್ಷ ಬಾಪಿದಾ ನ್ಯೂಜಿಲೆಂಡ್ ಎಂದು ಪಟ್ಟಿ ತೆರೆದರು. ನನ್ನ ಹೆಂಡತಿ ಸುಧಾಳದು ಹೌರಾದ ರೈಲ್ವೆ ಕಚೇರಿಯಲ್ಲಿ ನೌಕರಿ, ಪಟ್ಟಿ ಎಂದರೆ ಹೆಸರು ಬರೆಸಿಯೇ ಬಿಡುವ ಸ್ವಭಾವ. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ನಾನು ಶಾಂತವಾಗಿ, ನ್ಯೂಜಿಲೆಂಡಿಗೆ ಹೋಗೋಣ, ಆದರೆ ನಾವು ಮೂವರೇ, ಮೋಟರ್‌ಹೋಮಿನಲ್ಲಿ ಎಂದೆ. ಲಾರಿಯಷ್ಟು ದೊಡ್ಡ ಗಾಡಿಯೊಳಗೆ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುತ್ತದೆ. ಬಾಡಿಗೆಗೆ ತಗೊಂಡು ಹತ್ತು ದಿನ ಬೇಕಾದ ಕಡೆ ಓಡಿಸಿ, ಬೇಕಾದ ಕಡೆ ಮಲಗಬಹುದು ಎಂದು ವಿವರಿಸಿದೆ.

"ಓಡ್ಸಾವ್ರು ಯಾರ್ರೀ?" ಎಂದಳು ಸುಧಾ. ಅವಳು ಧಾರವಾಡದವಳು. ಕೋಲ್ಕತ್ತಾದ ಇಪ್ಪತ್ತಾರು ವರ್ಷ ಅವಳ ಮಾತಿನ ಒಂದು ಅಕ್ಷರವನ್ನೂ ಅಲುಗಿಸಿಲ್ಲ.

"ನಾನೇ."

ಅವಳು ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. "ಅಲ್ರೀ, ನಮ್ಮ ಸಣ್ಣ ಗಾಡಿ ಹಿಂದ ತಗೀಲಿಕ್ಕೆ ಹಾರಾಧನ ಬೇಕು ನಿಮಗ. ಮನಿಯಂಥಾ ಗಾಡಿ ಹ್ಯಾಂಗ ತಿರಗಸ್ತೀರಿ? ಅಲ್ಲೀಗೂ ಅವನ್ನ ಕರಕೊಂಡು ಹೋಗಾವ್ರೇನು?"

ಹದಿನಾಲ್ಕು ವರ್ಷದ ಗುಟ್ಟು ಸಾರಿನ ಪಾತ್ರೆಯ ಪಕ್ಕದಲ್ಲಿ ಬಿದ್ದಿತ್ತು. ಇಲ್ಲೇ ಹುಟ್ಟಿ ಬೆಳೆದು ಕಾಲೇಜು ಓದುತ್ತಿರುವ ಮಗಳು ಇಂಚರ ತಲೆ ಎತ್ತದೆ, "ಅಪ್ಪಾ, ಎವ್ರಿಬಡಿ ನೋಸ್" ಎಂದಳು. "ಪೂರಾ ಹೌಸಿಂಗ್‌ಗೆ ಗೊತ್ತು."

ಕೊನೆಗೆ ಸುಧಾ, "ಹೋಗ್ಲಿ, ಸಣ್ಣದರೆ ನೋಡ್ರಿ, ಇಬ್ಬರು ಮೂವರು ಮಲಗೂ ಅಂಥಾದ್ದು" ಎಂದಳು. ಇದು ಸಂಧಾನದ ಮಾತು. ವಿವೇಕಿ ಇಲ್ಲಿ ಒಪ್ಪುತ್ತಿದ್ದ. ನಾನು ಆ ಕಂಪನಿಯ ಪುಟದಲ್ಲಿದ್ದ ಅತಿ ದೊಡ್ಡ ಗಾಡಿಯನ್ನು ಆರಿಸಿದೆ. ಉದ್ದ ಏಳೂವರೆ ಮೀಟರ್, ಅಗಲ ಎರಡೂಕಾಲು, ಆರು ಜನ ಮಲಗಬಹುದು. ಸುಧಾ ಷರತ್ತು ಹಾಕಿದಳು. ಬಾಪಿದಾ ಪಟ್ಟಿ ಮುಚ್ಚುವುದು ಮುಂದಿನ ವಾರದ ಭಾನುವಾರ. ಅಷ್ಟರೊಳಗೆ ನಾನು ನಮ್ಮ ಕಾರನ್ನು ಅಂಥ ಗಾಡಿ ನಿಲ್ಲುವಷ್ಟೇ ಜಾಗದೊಳಗೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಆಗದಿದ್ದರೆ ಮೂವರ ಹೆಸರೂ ಪಟ್ಟಿಗೆ, ನಾನು ಸೀಟಿಗೆ.

ಯಾವುದನ್ನೂ ಅಳೆಯದೆ ಅಚ್ಚಿಗೆ ಕಳಿಸಬಾರದು ಎಂಬುದು ಡೆಸ್ಕಿನ ಪಾಠ. ಮರುದಿನವೇ ಭಾನುವಾರ. ಬೆಳಗ್ಗೆ ಟೇಪು ಹಿಡಿದು ಅಂಗಳಕ್ಕೆ ಇಳಿದೆ. ಸೀಮೆಸುಣ್ಣ ಸಿಗಲಿಲ್ಲ. ಸುಧಾ ವರ್ಷಕ್ಕೊಮ್ಮೆ ಧಾರವಾಡದಿಂದ ಹೊತ್ತು ತರುವ ರಂಗೋಲಿ ಪುಡಿಯ ಡಬ್ಬಿ ಸಿಕ್ಕಿತು. ಏಳೂವರೆ ಮೀಟರ್ ಉದ್ದಕ್ಕೆ ಗಾಡಿಯ ನಕ್ಷೆಯನ್ನು ಪೂರ್ತಿ ಬಿಡಿಸಿದೆ. ಚಾಲಕನ ಸೀಟು, ಒಲೆ, ಹಿಂದುಗಡೆ ಹಾಸಿಗೆ, ಮೂಲೆಯಲ್ಲಿ ಕಕ್ಕಸು. ಇಂಚರಳನ್ನು ಕರೆದು ಅವಳ ಹಾಸಿಗೆಯಲ್ಲಿ ನಿಲ್ಲಿಸಿದೆ. ಕಕ್ಕಸಿನ ತೊಟ್ಟಿಯನ್ನು ಎರಡು ದಿನಕ್ಕೊಮ್ಮೆ ನಾವೇ ಹೊತ್ತುಕೊಂಡು ಹೋಗಿ ಖಾಲಿ ಮಾಡಬೇಕು ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಸಿದೆ. ಬಾಲ್ಕನಿಯಿಂದ ಸುಧಾ, "ಅದಕ್ಕೂ ಚಾಲಕನ ಹೆಸರ ಬರಕೋರಿ" ಎಂದಳು.

ಪೂಜೆಗೆ ಆರು ವಾರವಿರುವಾಗ ಕೋಲ್ಕತ್ತಾದ ಅಂಗಳವೊಂದರಲ್ಲಿ ಬಿಳಿ ಗೆರೆ ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು, ಇಲ್ಲಿ ಇಷ್ಟು ವರ್ಷ ಸುದ್ದಿ ತಿದ್ದಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಪೆಂಡಾಲಿನ ಗುರುತು ಎಂದು ಹೌಸಿಂಗಿಗೆಲ್ಲ ಹಬ್ಬಿತ್ತು. ಬಾಪಿದಾ ಅವರ ತಾಯಿ, ನಾವೆಲ್ಲ ಮಾಶಿಮಾ ಎಂದು ಕರೆಯುವವರು, ಚಪ್ಪಲಿ ಬಿಟ್ಟು ಗೆರೆಯ ಸುತ್ತ ನಡೆದು, ಇಷ್ಟು ಕಿರಿದಾದ ಜಾಗದಲ್ಲಿ ದೇವಿ ನಿಂತರೆ ಡೋಲು ಬಾರಿಸುವವರು ಎಲ್ಲಿ ನಿಲ್ಲಬೇಕು ಎಂದು ಕೇಳಿದರು. ದೇವಿಯ ಮುಖ ಯಾವ ದಿಕ್ಕಿಗೆ ಎಂದು ಮೂರನೆಯ ಮಹಡಿಯವರು ಕೇಳಿದರು. ಹಾರಾಧನ ಗೆರೆಯ ಮೇಲೆ ಯಾವ ಕಾರನ್ನೂ ಹತ್ತಗೊಡಲಿಲ್ಲ. ನಾಲ್ಕು ಕಾರು ರಸ್ತೆಯಲ್ಲೇ ನಿಂತವು.

ಸುದ್ದಿ ತಪ್ಪಾಗಿದ್ದರೆ ಸ್ಪಷ್ಟೀಕರಣ ಕೊಡುವುದು ನಮ್ಮ ವೃತ್ತಿಧರ್ಮ. ಸೋಮವಾರ ಸೂಚನಾ ಫಲಕದಲ್ಲಿ ಕಾಗದ ಅಂಟಿಸಿದೆ. ಅಂಗಳದ ಗೆರೆ ಪೂಜೆಯದಲ್ಲ, ನನ್ನ ಗಾಡಿಯದು. ಉದ್ದ ಇಷ್ಟು, ಅಗಲ ಇಷ್ಟು, ಒಳಗೆ ಆರು ಜನ ಮಲಗಬಹುದು, ನಾವು ಮೂವರು. ಎಲ್ಲ ವಿವರ ಸರಿಯಾಗಿತ್ತು. ಗಾಡಿ ನ್ಯೂಜಿಲೆಂಡಿನಲ್ಲಿದೆ ಎಂಬ ಒಂದು ವಾಕ್ಯ ಮಾತ್ರ ಬಿಟ್ಟುಹೋಗಿತ್ತು. ಸಂಜೆ ಮೆಟ್ರೋ ಇಳಿದು ಬರುವಷ್ಟರಲ್ಲಿ, ಕನ್ನಡಿಗ ಪತ್ರಕರ್ತ ಲಾರಿ ಕೊಂಡಿದ್ದಾನೆ, ಅದನ್ನು ಅಂಗಳದಲ್ಲೇ ನಿಲ್ಲಿಸುತ್ತಾನಂತೆ, ಅದರಲ್ಲಿ ಜನ ಮಲಗುತ್ತಾರಂತೆ ಎಂದು ತುರ್ತು ಸಭೆ ಸೇರಿತ್ತು. ನಮ್ಮಲ್ಲಿ ಕೊಲೆಯನ್ನಾದರೂ ಕ್ಷಮಿಸಬಹುದು, ಪಾರ್ಕಿಂಗ್ ಜಾಗ ಕಬಳಿಸುವುದನ್ನಲ್ಲ. ನಾನು ನಡುವೆ ನಿಂತು ವಿಷಯ ಮೊದಲಿನಿಂದ ಹೇಳಿದೆ. ಹೇಳುವಾಗ ಷರತ್ತಿನ ಸಂಗತಿಯೂ ಬಾಯಿಗೆ ಬಂತು. ಸಭೆ ಒಮ್ಮೆಲೇ ಶಾಂತವಾಯಿತು. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಬಾಲ್ಕನಿಗೆ ಬರುವುದೆಂದು ತೀರ್ಮಾನವಾಯಿತು. ನಾನು ಹಿಂದೆ ಸರಿಯಲಿಲ್ಲ. ಸರಿಯಲು ಬರುವುದೂ ಇಲ್ಲ.

ಭಾನುವಾರ ಬಂತು. ವಾರದ ಮಧ್ಯೆ ಬಿದ್ದ ಮಳೆಗೆ ಅಳಿಸಿದ ಗೆರೆಯನ್ನು ಹೊಸದಾಗಿ ಎಳೆದು, ಕಾರನ್ನು ಗೇಟಿನ ಬಳಿ ತಿರುಗಿಸಿ, ಕನ್ನಡಿ ನೋಡುತ್ತ ಹಿಂದಕ್ಕೆ ಬಿಟ್ಟೆ. ಮೊದಲ ಯತ್ನದಲ್ಲಿ ಚಕ್ರ ಗೆರೆ ದಾಟಿ ಕಕ್ಕಸು ಹೋಯಿತು. ಎರಡನೆಯದರಲ್ಲಿ ಒಲೆಯ ಮೇಲೆ ಹತ್ತಿ, ಇಂಚರಳ ಹಾಸಿಗೆಯ ಅರ್ಧ ಅಳಿಸಿ, ಇನ್ನೊಂದು ಬದಿಯ ಗೆರೆಯಾಚೆ ನಿಂತೆ. "ಅಪ್ಪಾ, ಯು ಜಸ್ಟ್ ಕಿಲ್ಡ್ ಮೀ" ಎಂದಳು ಮೇಲಿನಿಂದ. ಸುಧಾಳ ಕೈಯಲ್ಲಿ ಬಾಪಿದಾ ಅವರ ಪಟ್ಟಿಯೂ ಪೆನ್ನೂ ಇದ್ದವು. ಮೂರನೆಯ ಸಲಕ್ಕೆ ಗೇಟಿಗೆ ಹೋದಾಗ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಬಿಡುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

ಆಗ ಬಾಪಿದಾ ಲುಂಗಿಯಲ್ಲೇ ಇಳಿದು ಬಂದರು. ಏನೂ ಕೇಳದೆ ಕಾರಿನ ಹಿಂದೆ ನಿಂತು ಡಿಕ್ಕಿಯನ್ನು ಅಂಗೈಯಿಂದ ಬಡಿದರು. "ಆಸ್ತೆ, ಆಸ್ತೆ. ಬಾಂಯೇ. ಬಾಂಯೇ. ಆರ್ ಏಕ್ಟು."

ಇದು ಈ ಊರಿನ ಬಸ್ ಕಂಡಕ್ಟರರ ಭಾಷೆ. ನಿಧಾನ, ಎಡಕ್ಕೆ, ಇನ್ನೂ ಸ್ವಲ್ಪ. ತಗಡಿನ ಮೇಲೆ ಬಡಿಯುವ ಈ ಸದ್ದು ಕೇಳುತ್ತ ನಾನು ಎಷ್ಟೋ ವರ್ಷ ಬಸ್ಸಿನಲ್ಲಿ ನೇತಾಡಿದ್ದೇನೆ. ತಲೆಗೆ ತಿಳಿಯದ್ದು ಕೈಗೆ ತಿಳಿಯಿತು. ಸ್ಟೀರಿಂಗ್ ತಾನಾಗಿ ಹೊರಳಿತು. ಬಾಪಿದಾ ಎರಡು ಸಲ ಬಡಿದರು, ನಿಂತೆ. ಇಳಿದು ನೋಡಿದರೆ ನಾಲ್ಕೂ ಚಕ್ರ ಗೆರೆಯೊಳಗೆ. ಬಾಲ್ಕನಿಗಳಿಂದ ಚಪ್ಪಾಳೆ ಬಂತು. ಮಾಶಿಮಾ ಶಂಖ ಊದಿದರು.

"ಗಾಡಿ ನೀವ ಹಿಂದ ತಗದ್ರಿ, ಖರೆ" ಎಂದಳು ಸುಧಾ, ಪಟ್ಟಿ ಮಡಚುತ್ತ. "ಮಾತಿಗೆ ನಾ ತಪ್ಪಂಗಿಲ್ಲ. ಆದ್ರ ಅಲ್ಲೆ ಬಡಿಯಾವ್ರು ಯಾರು?"

ಬಾಡಿಗೆಯ ನಿಯಮಗಳನ್ನು ನಾನು ಕೊನೆಯ ಸಾಲಿನವರೆಗೆ ಓದಿದ್ದೆ. ಗಾಡಿ ಹಿಂದಕ್ಕೆ ಬರುವಾಗ ಹೊರಗೆ ಒಬ್ಬರು ನಿಂತು ದಾರಿ ತೋರಿಸಬೇಕು ಎಂದು ಅದರಲ್ಲೇ ಇದೆ. ಬಾಪಿದಾ ನನ್ನನ್ನು ಹಾರಾಧನನ ಕುರ್ಚಿಯ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು: "ದಾದಾ, ಹನ್ನೊಂದು ವರ್ಷದಿಂದ ಸೀಟಿ ಊದುತ್ತಿದ್ದೇನೆ. ಯಾವ ಅರಮನೆಯನ್ನೂ ನಾನು ಒಳಗೆ ಹೋಗಿ ನೋಡಿಲ್ಲ, ಬಾಗಿಲಲ್ಲಿ ನಿಂತು ತಲೆ ಎಣಿಸುತ್ತೇನೆ. ಈ ವರ್ಷ ಗುಂಪನ್ನು ಭಾವಮೈದುನ ನೋಡಿಕೊಳ್ಳಲಿ. ನಿಮ್ಮ ಗಾಡಿಯ ಹಿಂದೆ ನಿಂತು ಬಡಿಯಲು ನಾನು ಬರುತ್ತೇನೆ."

ಅವರ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ. ಹಾಗೆಂದು ಹೂಂ ಎಂದೂ ಹೇಳಲಿಲ್ಲ. ಮರುದಿನ ಸೂಚನಾ ಫಲಕದಲ್ಲಿ ನನ್ನ ಸ್ಪಷ್ಟೀಕರಣದ ಕೆಳಗೆ, "ಆರು ಜನ ಮಲಗಬಹುದು, ನಾವು ಮೂವರು" ಎಂಬ ಸಾಲಿಗೆ ಬಾಣ ಹಾಕಿ ನೀಲಿ ಶಾಯಿಯಲ್ಲಿ ಮೂರು ಹೆಸರು ಬರೆದಿದ್ದರು: ಬಾಪಿದಾ, ಅವರ ಹೆಂಡತಿ, ಮಾಶಿಮಾ. ಮಾಶಿಮಾ ಹೆಸರಿನ ಮುಂದೆ, ಕೆಳಗಿನ ಹಾಸಿಗೆಯೇ ಬೇಕು, ಲೂಚಿಯ ಹಿಟ್ಟು ತಾನೇ ತರುತ್ತೇನೆ ಎಂಬ ಟಿಪ್ಪಣಿ ಇತ್ತು.

ನಾನು ಸುಮ್ಮನಿರಲಿಲ್ಲ. ಚಾಲಕನ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿ ಗಾಡಿ ಕಾದಿರಿಸಿದೆ. ಹೊಸ ಕಾಗದ ತೆಗೆದು ಒಂದು ತಿದ್ದುಪಡಿಯನ್ನೂ ಬರೆದೆ. ಇದು ಗುಂಪು ಪ್ರವಾಸವಲ್ಲ. ಸೀಟಿ ತರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕೆಂಬುದನ್ನು ಚಾಲಕ ನಿರ್ಧರಿಸುತ್ತಾನೆ. ಅದನ್ನು ಫಲಕದ ಕೆಳಗಿನ ಮೂಲೆಯಲ್ಲಿ, ನೀರಿನ ಟ್ಯಾಂಕು ತೊಳೆಯುವ ಸೂಚನೆಯ ಪಕ್ಕದಲ್ಲಿ ಅಂಟಿಸಿದೆ. ಉಳಿದಿದ್ದ ಜಾಗ ಅಷ್ಟೇ. ನಮ್ಮ ಪತ್ರಿಕೆಯಲ್ಲೂ ತಿದ್ದುಪಡಿಗೆ ಅಂಥದ್ದೇ ಮೂಲೆ ಕೊಡುತ್ತೇವೆ. ಇಪ್ಪತ್ತೆಂಟು ವರ್ಷದಲ್ಲಿ ಅದನ್ನು ಓದಿದೆ ಎಂದವರನ್ನು ನಾನು ಒಬ್ಬರನ್ನೂ ಕಂಡಿಲ್ಲ.