ಕೊರಿಯಾದ ಜಾಗಟೆಗೆ ಕೈಮುಗಿದದ್ದು

ಎರಡು ಕಡೆಯವರಿಗೂ ‘ನೀವು ಹೇಳುವುದೇ ಸರಿ’ ಎನ್ನುವ ಮನುಷ್ಯನನ್ನು ಊರು ಒಳ್ಳೆಯವನೆಂದು ಕರೆಯುತ್ತದೆ. ಮನೆಯವರು ಮಾತ್ರ ಅವನಿಗೆ ಬೇರೆ ಹೆಸರಿಟ್ಟಿರುತ್ತಾರೆ. ನಾನು ಕೊಪ್ಪದ ಹತ್ತಿರದ ಜಯಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಅತ್ತೆ ಹಸಿರು ಸೀರೆ, ಸೊಸೆ ನೇರಳೆ ಸೀರೆ ಹಿಡಿದು ನನ್ನ ಮುಖ ನೋಡಿದರೆ, ಎರಡೂ ಒಪ್ಪುತ್ತವೆ ಎಂದು ಹೇಳಿ ಎರಡನ್ನೂ ಕಟ್ಟಿಕೊಡುವುದು ನನ್ನ ಕಸುಬು. ಈ ವಿದ್ಯೆ ಅಂಗಡಿಯಿಂದಾಚೆ ನಡೆಯುವುದಿಲ್ಲ ಎಂದು ನನಗೆ ತಿಳಿಸಿಕೊಟ್ಟದ್ದು ಕೊರಿಯಾ ದೇಶದ ಒಂದು ರಾಕ್ ಬ್ಯಾಂಡು.

ಕೊರಿಯಾ ನಮ್ಮ ಮನೆಗೆ ಬಂದದ್ದು ಗೆಳೆಯ ಸತೀಶನ ಕೃಪೆಯಿಂದ. ಅವನು ಕಾರು ಮೆಕ್ಯಾನಿಕ್. ಕಂಪನಿಯವರು ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. ಬರುವಾಗ ಒಂದು ಒಳ್ಳೆಯ ಟಾರ್ಚನ್ನಾದರೂ ತಂದಾನು ಎಂದು ನಾನು ಕಾದಿದ್ದರೆ, ಪುಣ್ಯಾತ್ಮ ತಂದದ್ದು ಒಂದು ಸಿಡಿ. ಅದರ ಮೇಲೆ ಉದ್ದ ಕೂದಲಿನ ಹುಡುಗರು ಗಿಟಾರು ಹಿಡಿದು ನಿಂತಿದ್ದರು. ಪಕ್ಕದಲ್ಲೇ ಕೂತ ಹುಡುಗಿಯರ ಮುಂದೆ ಅವರ ಅಜ್ಜಂದಿರ ಕಾಲದ ವಾದ್ಯಗಳು: ನೆಲದ ಮೇಲೆ ಉದ್ದಕ್ಕೆ ಮಲಗಿಸಿದ ತಂತಿವಾದ್ಯ, ನಡು ಸಣ್ಣಗಿರುವ ಡೋಲು, ಪರಾತದಷ್ಟು ಅಗಲದ ಜಾಗಟೆ. ನನಗೆ ಸಂಗೀತದ ಗಂಧವಿಲ್ಲ. ಕಚೇರಿಗಳಲ್ಲಿ ಪಕ್ಕದವರು ತಲೆದೂಗಿದಾಗ ತೂಗಿ, ಚಪ್ಪಾಳೆ ತಟ್ಟಿದಾಗ ತಟ್ಟಿ ಮರ್ಯಾದೆ ಉಳಿಸಿಕೊಂಡವನು. ಆದರೆ ಪಿಯುಸಿ ಓದುವ ಮಗಳು ಮೈತ್ರಿ ಆ ಸಿಡಿ ಕೇಳಿದವಳೇ, ಎಷ್ಟೋ ದಿನದಿಂದ ಮೂಲೆ ಹಿಡಿದಿದ್ದ ಅಜ್ಜಿಯ ವೀಣೆಯ ಹೊದಿಕೆ ತೆಗೆದಳು.

ಅಮ್ಮನ ಬೆರಳುಗಳು ಸೆಟೆದುಕೊಂಡು ವೀಣೆ ನುಡಿಸುವುದು ನಿಂತು ಹೋಗಿತ್ತು. ಮೊಮ್ಮಗಳಿಗೆ ಕಲಿಸುತ್ತಿದ್ದಳು, ಅವಳು ಬೇಸರ ಬಂದು ಬಿಟ್ಟ ಮೇಲೆ ಅಮ್ಮ ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು. ನನಗೆ ಅದು ಸಂಕಟವಾಗಿತ್ತು. ಈಗ ಹೊದಿಕೆ ತೆಗೆದದ್ದು ಕಂಡು ಅಮ್ಮ ಅರ್ಧ ದಿನ ಮುಖ ಅರಳಿಸಿಕೊಂಡು ಓಡಾಡಿದಳು. ಉಳಿದರ್ಧ ದಿನಕ್ಕೆ ನಿಜ ಹೊರಬಿತ್ತು. ಕೊಪ್ಪದ ಕಾಲೇಜಿನಲ್ಲಿ ಮೈತ್ರಿಯ ಗೆಳತಿಯರಿಬ್ಬರು ಗಿಟಾರು, ಡ್ರಮ್ಮು ಬಾರಿಸುತ್ತಾರಂತೆ. ವೀಣೆಗೆ ಶಬ್ದ ಹಿಡಿಯುವ ಪಿಕಪ್ ಅಂಟಿಸಿ, ಆಂಪ್ಲಿಫೈಯರಿಗೆ ಸಿಕ್ಕಿಸಿ, ಕಾಲೇಜ್ ಡೇ ದಿನ ಕೊರಿಯಾದವರ ಹಾಗೆ ನುಡಿಸುವುದಂತೆ. ವೀಣೆ ಈ ಹೊಸ್ತಿಲು ದಾಟುವುದಿಲ್ಲ ಎಂದಳು ಅಮ್ಮ. ಹಾಗಾದರೆ ನಾನದನ್ನು ಇನ್ನು ಮುಟ್ಟುವುದೂ ಇಲ್ಲ ಎಂದಳು ಮಗಳು. ನಾನು ಅಡುಗೆಮನೆಗೆ ಹೋಗಿ ಅಮ್ಮ ಹೇಳುವುದೇ ಸರಿ ಎಂದೆ, ಜಗಲಿಗೆ ಬಂದು ಮಗಳು ಹೇಳುವುದೇ ಸರಿ ಎಂದೆ. ನಮ್ಮ ಮನೆಯ ಗೋಡೆಗಳು ತೆಳು. ಇಬ್ಬರಿಗೂ ಎರಡೂ ಕೇಳಿಸಿತು. ಹೆಂಡತಿ ಶೃಂಗೇರಿಯಲ್ಲಿ ಟೀಚರು. ದಿನವಿಡೀ ಮಕ್ಕಳ ಜಗಳ ಬಿಡಿಸಿ ಸಾಕಾಗಿದೆ, ಮನೆಯದ್ದು ನಿಮ್ಮ ಪಾಲು ಎಂದುಬಿಟ್ಟಳು.

ಹೀಗೆ ಮಾತುಕತೆ ನಿಂತಿದ್ದಾಗ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಮಂಗಳಾರತಿ ಹೊತ್ತಿಗೆ ಬರುತ್ತೇವೆಂದು ಅಮ್ಮ ಹೇಳಿ ಕಳಿಸಿ, ರೇಷ್ಮೆ ಸೀರೆ ಉಟ್ಟು ಜಾಗಟೆಯ ಶಬ್ದಕ್ಕೆ ಕಿವಿಕೊಟ್ಟು ಕೂತಿದ್ದಳು. ನಮ್ಮ ಕಡೆ ಕಥೆ ಮುಗಿದದ್ದು ನೆರೆಮನೆಯವರಿಗೆ ತಿಳಿಯುವುದು ಹೀಗೆಯೇ. ಸಂಜೆ ಹೋಗಿದ್ದ ಕರೆಂಟು ಫಕ್ಕನೆ ಬಂತು. ಮೈತ್ರಿ ಒಳಕೋಣೆಯಲ್ಲಿ ಆರಿಸದೇ ಬಿಟ್ಟಿದ್ದ ಪ್ಲೇಯರು ತಾನಾಗಿ ಶುರುವಾಗಿ ಜಾಗಟೆ ಮೊಳಗಿತು, ಜೊತೆಗೆ ಡೋಲು. ಅಮ್ಮ ಎದ್ದು ಕಣ್ಣು ಮುಚ್ಚಿ ಕೈಮುಗಿದು, ನಿಂತಲ್ಲೇ ಒಂದು ಪ್ರದಕ್ಷಿಣೆ ಬಂದಳು. ನಾನೂ ಎತ್ತಿಕಟ್ಟಿದ್ದ ಪಂಚೆ ಇಳಿಸಿ ಕೈಮುಗಿದೆ. ಜಾಗಟೆ ನಿಲ್ಲುವ ತನಕ ಕೂರುವ ಹಾಗಿಲ್ಲ, ಹೊರಡುವ ಹಾಗೂ ಇಲ್ಲ. ಇದು ನಿಲ್ಲುವ ಲಕ್ಷಣವೇ ಇಲ್ಲ. ಕೊನೆಗೆ ಗಿಟಾರು ಕಿರುಚಿಕೊಂಡಾಗ ಅಮ್ಮ ಒಂದು ಕಣ್ಣು ತೆರೆದಳು. ಬಾಗಿಲಲ್ಲಿ ಮೈತ್ರಿ ನಿಂತಿದ್ದಳು.

ಬೈಗುಳ ಬರುತ್ತದೆಂದು ನಾನು ಕಾದೆ. ಅಮ್ಮ ಒಳಕೋಣೆಗೆ ಹೋಗಿ ಪ್ಲೇಯರಿನ ಹತ್ತಿರ ಕೂತಳು. ಜಾಗಟೆ ಅಡಗಿ ಆ ತಂತಿವಾದ್ಯವೊಂದೇ ಉಳಿದಿತ್ತು.

“ತಂತಿ ಎಳೀತಾಳಲ್ಲ, ಇವಳು ಯಾರೇ ಕೂಸೆ?”

“ಗೊತ್ತಿಲ್ಲ ಅಜ್ಜಿ.”

“ಯಾರೇ ಆಗ್ಲಿ. ಅವಳ ಅಜ್ಜಿ ಸರಿಯಾಗಿ ಕಲಿಸಿದಾಳೆ.” ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದಳು: “ವೀಣೆ ತಗಂಬಾ. ನಿನ್ನ ಈಗಿನ ಕೈಲಿ ಕೊಪ್ಪಕ್ಕೆ ಹೋದ್ರೆ ಜನ ನನ್ನ ಕೇಳ್ತಾರೆ.”

ಪಕ್ಕದ ಮನೆಯ ನಿಜವಾದ ಮಂಗಳಾರತಿ ಅಂದು ನಮಗೆ ಯಾರಿಗೂ ಸಿಗಲಿಲ್ಲ. ನನಗೆ ಬೇಜಾರಾಗಲಿಲ್ಲ; ಒಳಗಿನಿಂದ ಅಜ್ಜಿ ಮೊಮ್ಮಗಳ ವಾಗ್ವಾದ ಕೇಳುತ್ತಿತ್ತು, ಈ ಸಲ ಬೆರಳಿಡುವ ಜಾಗದ ಬಗ್ಗೆ. ಮರುದಿನದಿಂದ ಗಿಟಾರು, ಡ್ರಮ್ಮಿನ ಹುಡುಗಿಯರೂ ನಮ್ಮಲ್ಲಿಗೇ ಬಂದರು. ಅವರಿಗೂ ಅಮ್ಮನಿಂದ ಬೈಗುಳ ಸಿಕ್ಕಿತು, ಜೊತೆಗೆ ಕೊಟ್ಟೆಕಡುಬು. ತಾಳಕ್ಕೊಂದು ಜಾಗಟೆ ಬೇಕೆಂದು ನನ್ನನ್ನೂ ಸೇರಿಸಿಕೊಂಡರು. ನಾನು ಮಗಳ ಕಡೆ ನೋಡಿ ಒಮ್ಮೆ, ಅಮ್ಮನ ಕಡೆ ನೋಡಿ ಒಮ್ಮೆ ಹೊಡೆದೆ. ಅಜ್ಜಿ, ಮೊಮ್ಮಗಳು ಒಂದೇ ಉಸಿರಿಗೆ ಒಪ್ಪಿದ ಮೊದಲ ವಿಷಯವೆಂದರೆ ನನ್ನನ್ನು ಬ್ಯಾಂಡಿನಿಂದ ತೆಗೆಯುವುದು.

ಕಾಲೇಜ್ ಡೇ ದಿನ ಸತೀಶ ಜೀಪು ತಂದ. ಮುಂದಿನ ಸೀಟಿನಲ್ಲಿ ಅಮ್ಮ; ಹಿಂದೆ ಹುಡುಗಿಯರು, ಡ್ರಮ್ಮು, ಮತ್ತು ತೊಡೆಯ ಮೇಲೆ ವೀಣೆ ಮಲಗಿಸಿಕೊಂಡು ನಾನು. ಹೊಂಡ ಬಂದಾಗೆಲ್ಲ ಅಮ್ಮ ತಿರುಗಿ, “ಮೆಲ್ಲ ಹಿಡ್ಕ ಮಾರಾಯ” ಎನ್ನುತ್ತಿದ್ದಳು. ಹಿಡಿದುಕೊಂಡೆ. ಕೊಪ್ಪ ಬರುವ ತನಕ ಯಾರ ಮಾತು ಸರಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ನಾನು ಅಷ್ಟು ಉಪಯೋಗಕ್ಕೆ ಬಂದ ದಿನ ಇನ್ನೊಂದಿಲ್ಲ.